ಹನ್ನೆರಡನೆಯ ಜೀವ

ನಮ್ಮವರಿಗೆ ಬೀದಿಯಲ್ಲಿ ಇಟ್ಟಿರುವ ಹೆಸರು 'ಒಂದ್ನಿಮಿಷ'. ಎದುರಿಗೆ ಯಾರೇ ಬರಲಿ, 'ಒಂದ್ನಿಮಿಷ ಸಾರ್' ಎಂದು ತಡೆದು ನಿಲ್ಲಿಸುವುದು ಅವರ ಅಭ್ಯಾಸ. ಆ ಒಂದು ನಿಮಿಷ ಮುಕ್ಕಾಲು ಗಂಟೆಗೆ ಮುಂಚೆ ಮುಗಿದದ್ದನ್ನು ಕಂಡವರಿಲ್ಲ. ಜೀವವಿಮೆ ಏಜೆಂಟನ ಹೆಂಡತಿ ಎಂದು ನನಗೂ ಅದರಲ್ಲಿ ಪಾಲು ಸಿಕ್ಕಿದೆ. ನಾನು ಅಂಗಡಿಗೆ ಹೋದರೆ ಅಂಗಡಿಯವನು ಎಂದೂ ಇಲ್ಲದ ಆತುರದಲ್ಲಿ ಸಾಮಾನು ಕಟ್ಟಿಕೊಡುತ್ತಾನೆ, ನಾನೂ ಎಲ್ಲಿ ಪಾಲಿಸಿಯ ಮಾತು ತೆಗೆದುಬಿಡುತ್ತೇನೋ ಎಂದು.

ಹುಟ್ಟಾ ಅವರೇನೂ ಏಜೆಂಟರಲ್ಲ. ಇಪ್ಪತ್ತೆರಡು ವರ್ಷ ಪ್ರೆಸ್ಸಿನಲ್ಲಿ ಪುಸ್ತಕ ಕಟ್ಟುವ ಕೆಲಸ ಮಾಡಿದವರು. ಕಾಗದ ಕತ್ತರಿಸುವ ಯಂತ್ರ ಬಲಗೈಯ ಎರಡು ಬೆರಳುಗಳ ತುದಿ ತೆಗೆದುಕೊಂಡಿತು, ಆಮೇಲೆ ಪ್ರೆಸ್ಸೇ ಮುಚ್ಚಿಹೋಯಿತು. ಐವತ್ತು ದಾಟಿದವರಿಗೆ, ಅದೂ ಪೆನ್ನು ನೆಟ್ಟಗೆ ಹಿಡಿಯಲಾರದವರಿಗೆ, ಯಾರು ಕೆಲಸ ಕೊಡುತ್ತಾರೆ? ವಿಮೆ ಕಂಪನಿ ಕೊಟ್ಟಿತು. ಮಾತಾಡುವುದು ಅವರ ಪಾಲು, ಫಾರಂ ತುಂಬುವುದು ನನ್ನ ಪಾಲು ಎಂದು ನಾವೇ ಹಂಚಿಕೊಂಡೆವು. ನನ್ನ ಅಕ್ಷರ ಚೆನ್ನಾಗಿದೆ ಎಂಬ ಜಂಬ ನನಗೆ ಮೊದಲಿನಿಂದಲೂ ಇತ್ತು.

ಸೇರಿದ ದಿನವೇ ಕಂಪನಿಯವರು ಗೊತ್ತಿರುವ ನೂರು ಜನರ ಪಟ್ಟಿ ಬರೆದು ತರಲು ಹೇಳಿದ್ದರು. ಇಬ್ಬರೂ ಅಡುಗೆಮನೆಯಲ್ಲಿ ಕೂತು ತಲೆ ಕೆರೆದುಕೊಂಡೆವು. ಅರವತ್ತಮೂರಕ್ಕೆ ಬಂಡಿ ನಿಂತಿತು. ಹಲ್ಲು ಕಿತ್ತ ಡಾಕ್ಟರು, ನಲ್ಲಿ ರಿಪೇರಿಯವನು, ನಮ್ಮ ಮದುವೆಯಲ್ಲಿ ಜಗಳವಾಡಿ ಹೋದ ಚಿಕ್ಕಪ್ಪ, ಎಲ್ಲರನ್ನೂ ಎಳೆದು ತಂದು ನೂರು ಮಾಡಿದೆವು. ಮೊದಲ ಹೆಸರು ಅವರ ಅಕ್ಕನದು, ಅಂದರೆ ನನ್ನ ಅತ್ತಿಗೆಯದು. ಗಂಡ ತೀರಿಕೊಂಡ ಮೇಲೆ ಹಾಸ್ಟೆಲ್ ಒಂದರಲ್ಲಿ ಅಡುಗೆ ಮಾಡಿ ಮಗಳನ್ನು ಓದಿಸುತ್ತಿದ್ದವರು. ತಮ್ಮ ಹೇಳಿದನೆಂದು ಮರುಮಾತಿಲ್ಲದೆ ಪಾಲಿಸಿ ಮಾಡಿಸಿದರು. ಪೆನ್ಸಿಲಿನಲ್ಲಿ ಗುರುತು ಹಾಕಿದ ಕಡೆಯೆಲ್ಲ ಸಹಿ ಹಾಕಿ, ಓದುವುದೇನೂ ಬೇಡ, ಮನೆಯವರೇ ಬರೆದದ್ದಲ್ಲವಾ ಎಂದರು. ಆ ವರ್ಷ ನೆಂಟರ ಪುಣ್ಯದಿಂದ ಹದಿನೇಳು ಪಾಲಿಸಿಗಳಾದವು.

ಆಮೇಲೆ ಪಟ್ಟಿ ಬತ್ತಿತು. ನೆಂಟರು ಫೋನ್ ಎತ್ತುವುದು ಬಿಟ್ಟರು, ಹಳೆಯ ಸ್ನೇಹಿತರು ನಮ್ಮವರನ್ನು ದೂರದಿಂದ ಕಂಡೇ ರಸ್ತೆ ದಾಟತೊಡಗಿದರು. ಆಗ ಅವರು ಹೊಸ ಗಿರಾಕಿಗಳನ್ನು ಹುಡುಕಲು ತಮ್ಮದೇ ಒಂದು ದಾರಿ ಕಂಡುಕೊಂಡರು. ಬೆಳಿಗ್ಗೆ ಎದ್ದು ಮನೆಗಳ ಹಿಂದಿನ ಓಣಿಗಳಲ್ಲಿ ನಡೆಯುವುದು, ಒಣಹಾಕಿದ ಬಟ್ಟೆಗಳನ್ನು ನೋಡುವುದು. ಒಂದೇ ಬಣ್ಣದ ಎರಡು ಹೊಸ ಅಂಗಿ ಕಂಡರೆ ಆ ಮನೆಯಲ್ಲಿ ಯಾರಿಗೋ ಕಾರ್ಖಾನೆ ಕೆಲಸ ಸಿಕ್ಕಿದೆ. ಅಂಗೈಯಗಲದ ಬಟ್ಟೆಗಳು ಸಾಲಾಗಿ ಕಂಡರೆ ಮಗು ಹುಟ್ಟಿದೆ. ಅಂಥಲ್ಲಿಗೆ ತಕ್ಷಣ ಹೋಗಬಾರದು, ಮೂರು ತಿಂಗಳು ಬಿಟ್ಟು ಹೋಗಬೇಕು, ಅಷ್ಟು ಹೊತ್ತಿಗೆ ಅಪ್ಪನಾದವನಿಗೆ ಸಂತೋಷ ಇಳಿದು ಭಯ ಶುರುವಾಗಿರುತ್ತದೆ ಎನ್ನುತ್ತಿದ್ದರು. ಹೊದಿಕೆ, ದಿಂಬಿನ ಚೀಲಗಳನ್ನು ದಿನಾ ಒಗೆಯುವ ಮನೆಯ ಕಡೆ ಮಾತ್ರ ತಿರುಗಿಯೂ ನೋಡಬಾರದು, ಅಲ್ಲಿ ಯಾರೋ ಹಾಸಿಗೆ ಹಿಡಿದಿದ್ದಾರೆ. ಊರವರ ಒಳಉಡುಪು ನೋಡಿಕೊಂಡು ತಿರುಗುವ ಗಂಡ ಸಿಕ್ಕಿದನಲ್ಲ ನನಗೆ ಎಂದು ನಾನು ರೇಗಿಸುತ್ತಿದ್ದೆ. ಆದರೆ ಆ ವಿದ್ಯೆಯಿಂದಲೇ ಎರಡನೆಯ ವರ್ಷ ಲೆಕ್ಕಕ್ಕೆ ಸರಿಯಾಗಿ ಹನ್ನೆರಡು ಪಾಲಿಸಿಗಳಾದವು.

ಹನ್ನೆರಡು ಎಂದರೆ ಕಂಪನಿಯ ಗೆರೆ. ವರ್ಷಕ್ಕೆ ಹನ್ನೆರಡು ಜೀವ ತರದವನ ಏಜೆನ್ಸಿ ರದ್ದು. ಅವರ ಭಾಷೆಯಲ್ಲಿ ಜನ ಎನ್ನುವುದಿಲ್ಲ, ಜೀವ ಎನ್ನುತ್ತಾರೆ. ಏಜೆನ್ಸಿ ಹೋದರೆ ಹಳೆಯ ಪಾಲಿಸಿಗಳಿಂದ ತಿಂಗಳು ತಿಂಗಳು ಬರುವ ಕಮಿಷನ್ನೂ ನಿಲ್ಲುತ್ತದೆ. ನಾವು ಉಣ್ಣುತ್ತಿದ್ದುದು ಅದರಿಂದಲೇ. ಈ ಮೂರನೆಯ ವರ್ಷ ಕೊನೆಯ ವಾರ ಬಂದರೂ ಹನ್ನೊಂದಕ್ಕೇ ನಿಂತಿತ್ತು. ಮ್ಯಾನೇಜರು ಎರಡು ಸಲ ಎಚ್ಚರಿಸಿದ್ದರು. ಇವರಿಗೆ ಅನ್ನ ಸೇರುತ್ತಿರಲಿಲ್ಲ. ಬೆಳಿಗ್ಗೆ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತವರು ಹತ್ತು ನಿಮಿಷವಾದರೂ ಹೊಸಲು ದಾಟುತ್ತಿರಲಿಲ್ಲ, ಯಾವ ಕಡೆ ಹೋಗುವುದೆಂದೇ ತೋಚದೆ. ಅದನ್ನು ನೋಡಲಾರದೆ ನಾನು ಒಲೆಯ ಕಡೆ ತಿರುಗಿಕೊಳ್ಳುತ್ತಿದ್ದೆ.

ನನ್ನ ಪಾಲಿನದನ್ನೂ ಹೇಳಿಬಿಡುತ್ತೇನೆ. ಫಾರಂನ ಮೂರನೆಯ ಪುಟದಲ್ಲಿ ಆರೋಗ್ಯದ ಪ್ರಶ್ನೆಗಳಿವೆ. ಸಣ್ಣ ಪಾಲಿಸಿಗಳಿಗೆ ಡಾಕ್ಟರ ಪರೀಕ್ಷೆ ಇಲ್ಲ, ಬರೆದದ್ದೇ ಸತ್ಯ. ಆ ಪುಟವನ್ನು ಯಾವ ಏಜೆಂಟನೂ ಗಿರಾಕಿಗೆ ಓದಿ ಹೇಳುವುದಿಲ್ಲ, ಕಾಯಿಲೆಯ ಹೆಸರೆತ್ತಿದರೆ ಒಪ್ಪಿದವನೂ ಎದ್ದು ಹೋಗುತ್ತಾನೆ. ಹಾಗಾಗಿ ನಾನು ಅಡುಗೆಮನೆಯಲ್ಲಿ ಕೂತು ಮೇಲಿನಿಂದ ಕೆಳಗಿನವರೆಗೆ 'ಇಲ್ಲ, ಇಲ್ಲ, ಇಲ್ಲ' ಎಂದು ಬರೆದುಕೊಂಡು ಹೋಗುತ್ತಿದ್ದೆ, ಒಲೆಯ ಮೇಲೆ ಹಾಲಿಟ್ಟಿದ್ದರೆ ಅದು ಉಕ್ಕುವುದರೊಳಗೆ ಪುಟ ಮುಗಿಯುತ್ತಿತ್ತು. ಆರು ತಿಂಗಳ ಹಿಂದೆ ಇವರ ಊಟದ ಡಬ್ಬಿ ಕೊಡಲು ಆಫೀಸಿಗೆ ಹೋದಾಗ ಮೆಟ್ಟಿಲ ಮೇಲೆ ಒಬ್ಬ ಹೆಂಗಸು ಕೂತಿದ್ದಳು. ಯಾವುದೋ ಬೇರೆ ಏಜೆಂಟನ ಗಿರಾಕಿಯ ಹೆಂಡತಿ. ಗಂಡ ಸತ್ತಿದ್ದ. ಇದ್ದ ಕಾಯಿಲೆಯನ್ನು ಇಲ್ಲ ಎಂದು ಬರೆದದ್ದಕ್ಕೆ ಹಣ ಕೊಡುವುದಿಲ್ಲ ಎಂಬ ಕಾಗದ ಅವಳ ಕೈಯಲ್ಲಿತ್ತು. ಅದನ್ನು ನನ್ನಿಂದ ಎರಡು ಸಲ ಓದಿಸಿದಳು. ಮನೆಗೆ ಬಂದು ನಾನು ಯಾರಿಗೂ ಹೇಳಲಿಲ್ಲ. ಆಮೇಲೂ ಆರು ಫಾರಂ ತುಂಬಿದೆ. ನನ್ನನ್ನು ಯಾರು ಬೈದರೂ ಸರಿಯೇ.

ಹನ್ನೆರಡನೆಯ ಜೀವ ಕೊನೆಗೂ ಸಿಕ್ಕಿತು. ಮರದ ಸಾಮಾನಿಗೆ ಪಾಲಿಶ್ ಹಾಕುವ ಹುಡುಗ, ಮೊದಲ ಮಗುವಿಗೆ ನಾಲ್ಕು ತಿಂಗಳು. ಖಾಲಿ ಫಾರಂಗೆ ಹಿಂದಿನ ದಿನವೇ ಸಹಿ ಹಾಕಿದ್ದ. ಹಣ, ದಾಖಲೆ ಮರುದಿನ ಮಧ್ಯಾಹ್ನ ಕೊಡುತ್ತೇನೆಂದಿದ್ದ, ಅದೇ ವರ್ಷದ ಕೊನೆಯ ದಿನ. ಐದು ಗಂಟೆಗೆ ಆಫೀಸು ಮುಚ್ಚುತ್ತದೆ, ಮನೆಗೆ ಬಂದು ಬರೆಯಲು ಹೊತ್ತಿಲ್ಲ, ಅಲ್ಲೇ ಬರೆದುಕೊಡು ಬಾ ಎಂದು ನನ್ನನ್ನೂ ಹೊರಡಿಸಿದರು. ದಾರಿಯುದ್ದಕ್ಕೂ ಅವರ ಮುಖದಲ್ಲಿ ಕಳೆ ಇತ್ತು. ನನ್ನ ಕೈಚೀಲವನ್ನೂ ತಾವೇ ಹಿಡಿದುಕೊಂಡರು.

ಹಿಂದಿನ ಓಣಿಯಿಂದ ಹೋದೆವು. ಹಗ್ಗದ ಒಂದು ತುದಿಯಲ್ಲಿ ಮಗುವಿನ ಬಟ್ಟೆಗಳು. ಉಳಿದ ಉದ್ದಕ್ಕೂ ಮೂರು ಹೊದಿಕೆ, ನಾಲ್ಕು ದಿಂಬಿನ ಚೀಲ, ಗಂಡಸಿನ ಆರು ಬನಿಯನ್ನು. ಒಂದು ದಿನಕ್ಕೆ ಆರು ಬನಿಯನ್ನು ಬದಲಿಸುವವನು ಆರೋಗ್ಯವಂತನಲ್ಲ, ರಾತ್ರಿಯಿಡೀ ಬೆವರುವವನು. ಇವರ ಮುಖ ನೋಡಿದೆ. ಇವರು ಗಡಿಯಾರ ನೋಡಿಕೊಂಡರು. ನನಗೆ ಬಟ್ಟೆ ಓದಲು ಕಲಿಸಿದ ಮೇಷ್ಟರಿಗೆ ಆ ಹಗ್ಗದ ಮೇಲೆ ಬರೆದದ್ದು ಕಾಣಲಿಲ್ಲ ಎಂದರೆ ನಾನು ನಂಬುವವಳಲ್ಲ. ಮೊದಲ ದಿನವೇ ಕಂಡಿದ್ದರು, ಕಂಡೂ ಬಾಗಿಲು ತಟ್ಟಿದ್ದರು.

ಒಳಗೆ ಒಂದೇ ಕೋಣೆ, ಅದರ ತುಂಬ ಪಾಲಿಶಿನ ವಾಸನೆ. ಅರ್ಧ ಬಣ್ಣ ಕಂಡ ಕುರ್ಚಿಯೊಂದು ಮೂಲೆಯಲ್ಲಿತ್ತು, ಅದರ ಮೇಲೆ ಔಷಧಿಯ ಚೀಟಿಗಳ ಕಂತೆ. ಹುಡುಗ ಸೆಖೆಯ ಮಧ್ಯಾಹ್ನದಲ್ಲೂ ದಪ್ಪ ಅಂಗಿ ತೊಟ್ಟು, ನಮ್ಮನ್ನು ಕಂಡು ನಗುತ್ತ ಸ್ಟೂಲು ಎಳೆದು ಹಾಕಿದ. ನಾನು ಹೆಸರು, ವಿಳಾಸ, ಹೆಂಡತಿಯ ಹೆಸರು ಬರೆದೆ. ಮೂರನೆಯ ಪುಟ ಬಂತು. ಪೆನ್ನು ಮುಂದೆ ಹೋಗಲಿಲ್ಲ. ಇವರು ಹಿಂದಿನಿಂದ ಮೆಲ್ಲಗೆ, "ಬರಿ," ಎಂದರು.

ನಾನು ಪ್ರಶ್ನೆಯನ್ನು ಗಟ್ಟಿಯಾಗಿ ಓದಿದೆ. ಮೂರು ವರ್ಷದಲ್ಲಿ ಮೊದಲ ಸಲ. ಕಳೆದ ಐದು ವರ್ಷಗಳಲ್ಲಿ ಯಾವುದಾದರೂ ಕಾಯಿಲೆಗೆ ಚಿಕಿತ್ಸೆ ಪಡೆದಿದ್ದೀರಾ?

ಹುಡುಗನ ನಗು ನಿಂತಿತು. ನಮ್ಮವರ ಕಡೆ ನೋಡಿ, "ನಿನ್ನೆ ಇದನ್ನ ಕೇಳ್ಲೇ ಇಲ್ವಲ್ಲ ಸಾರ್," ಎಂದ.

ಅವನ ಹೆಂಡತಿ ಮಗುವನ್ನು ಸೊಂಟದ ಮೇಲೆ ಸರಿಮಾಡಿಕೊಂಡು ನನ್ನ ಪಕ್ಕಕ್ಕೆ ಬಂದು ಕೂತಳು. "ಅಕ್ಕಾ, ಇಲ್ಲ ಅಂತ ಬರ್ಕೊಳ್ಳಿ. ಇವ್ರಿಗೇನಾದ್ರೂ ಆದ್ರೆ ನಮ್ಗೆ ಅಂತ ಇರೋದು ಇದೊಂದೇ."

ಆ ಕೋಣೆಯಲ್ಲಿದ್ದವರಿಗೆಲ್ಲ 'ಇಲ್ಲ' ಎಂಬ ಆ ಒಂದು ಮಾತೇ ಬೇಕಾಗಿತ್ತು. ನನಗೆ ಬೇಡವಾಗಿತ್ತೇ? ಬಾಡಿಗೆ ಮನೆಯಲ್ಲಿ ಮುದುಕಿಯಾಗುತ್ತಿರುವ ನನಗೂ ಬೇಕಾಗಿತ್ತು. ಮೆಟ್ಟಿಲ ಮೇಲಿನ ಹೆಂಗಸಿನ ಕಥೆಯನ್ನು ಅವಳಿಗೆ ಹೇಳಿದೆ. ಇಲ್ಲ ಎಂದು ಬರೆದರೆ ನಿಮ್ಮ ಹಣ ವರ್ಷ ವರ್ಷ ಕಟ್ಟಿಸಿಕೊಳ್ಳುತ್ತಾರೆ, ಬೇಕಾದ ದಿನ ಕೊಡುವುದಿಲ್ಲ ಎಂದೆ. ಆ ಹುಡುಗಿ ಅರ್ಥವಾದರೂ ಅರ್ಥವಾಗದವಳ ಹಾಗೆ ಮತ್ತೆ ಮತ್ತೆ, ಹೇಗಾದರೂ ಮಾಡಿ ಬರೆದುಬಿಡಿ ಎನ್ನುತ್ತಲೇ ಇದ್ದಳು.

ನಮ್ಮವರು ನನ್ನ ಕೈಯಿಂದ ಪೆನ್ನು ಕಿತ್ತುಕೊಂಡರು. "ನಾಳೆಯಿಂದ ನಾನು ಯಾರ ಮನೆ ಬಾಗ್ಲಿಗೆ ಹೋಗಿ ನಿಲ್ಲಲಿ, ಹೇಳು? ನೀನು ಬರೀದಿದ್ರೆ ಬಿಡು, ನಾನೇ ಬರೀತೀನಿ," ಎಂದು ತುದಿಯಿಲ್ಲದ ಬೆರಳುಗಳ ನಡುವೆ ಅದನ್ನು ಸಿಕ್ಕಿಸಿಕೊಂಡು ಕೂತರು. ಕಷ್ಟಪಟ್ಟು ಒಂದು 'ಇ' ಬರೆದರು. ಮುಂದಿನ ಅಕ್ಷರಕ್ಕೆ ಪೆನ್ನು ಊರಿ ಹಾಗೇ ಇದ್ದರು. ಅಲ್ಲೊಂದು ಶಾಯಿಯ ಚುಕ್ಕೆ ದೊಡ್ಡದಾಗುತ್ತ ಹೋಯಿತು. ಕೊನೆಗೆ ತಲೆಯೆತ್ತಿ ಹುಡುಗನನ್ನು, ಔಷಧಿ ತಪ್ಪಿಸದೆ ತೆಗೆದುಕೊಳ್ಳುತ್ತಿದ್ದೀಯಾ ಎಂದು ಕೇಳಿದರು. ಹುಡುಗ ಹೂಂ ಎಂದ. ಇವರು ಫಾರಂ ಮಡಚಿ ಚೀಲಕ್ಕೆ ಹಾಕಿಕೊಂಡರು. ನಾವು ಹೊರಡುವಾಗ ಹುಡುಗಿ ಗೋಡೆಯ ಕಡೆ ಮುಖ ಮಾಡಿದ್ದಳು.

ಓಣಿಯಲ್ಲಿ ನಾನು ಬೈಗುಳಕ್ಕಾಗಿ ಕಾದೆ. ಬರಲಿಲ್ಲ. ಐದು ಹೊಡೆಯಿತು, ಆರಾಯಿತು. ಅವರು ಮನೆಯ ಕಡೆ ತಿರುಗದೆ ನಡೆಯುತ್ತಲೇ ಇದ್ದರು. ಅತ್ತಿಗೆಯ ಬೀದಿಯ ತಿರುವಿಗೆ ಬಂದಾಗ ನಿಂತು, "ಅಕ್ಕನ ಫಾರಂನಲ್ಲಿ ಏನು ಬರೆದಿದ್ದೆ?" ಎಂದರು. ನನಗೆ ಉತ್ತರ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಅತ್ತಿಗೆ ನಮ್ಮನ್ನು ಕಂಡು ಹಿಗ್ಗಿದರು. ಇಬ್ಬರೂ ಒಟ್ಟಿಗೆ ಬಂದು ಎಷ್ಟು ದಿನವಾಯಿತು ಎಂದರು. ಇವರು ಕೂರಲೂ ಇಲ್ಲ. ಒಂದ್ನಿಮಿಷ ಅಕ್ಕ, ಪಾಲಿಸಿ ಮಾಡಿಸೋದಕ್ಕೆ ಮುಂಚೆ ನಿನಗೆ ಏನಾದರೂ ಕಾಯಿಲೆ ಇತ್ತಾ ಎಂದು ಕೇಳಿದರು, ಬೇರೆ ಉತ್ತರವೇನಾದರೂ ಬಂದೀತೇ ಎನ್ನುವ ಆಸೆಯಿಂದ.

ಅತ್ತಿಗೆ ನಕ್ಕುಬಿಟ್ಟರು. "ಮರೆತುಹೋಯ್ತೇನೋ? ಹಾರ್ಟ್ ವಾರ್ಡ್ ಹೊರಗಡೆ ಬೆಂಚಿನ ಮೇಲೆ ಹದಿನೆಂಟು ರಾತ್ರಿ ಮಲಗಿದ್ದೋನು ನೀನೇ ಅಲ್ವಾ." ಆಮೇಲೆ ನನ್ನ ಕಡೆ ಕೈ ತೋರಿಸಿ, "ಗಂಜಿ ತರ್ತಾ ಇದ್ದೋಳು ಇವ್ಳು. ಅದನ್ನೆಲ್ಲ ನಾನೇನು ಹೇಳೋದು, ಇವ್ಳೇ ಸರಿಯಾಗಿ ಬರೆದಿರ್ತಾಳೆ. ನನಗೇನಾದ್ರೂ ಆದ್ರೆ ಮಗಳಿಗೆ ಅದೊಂದು ಇದೆಯಲ್ಲ ಅಂತ ಈಗ ನೆಮ್ಮದಿಯಾಗಿ ನಿದ್ದೆ ಬರುತ್ತೆ ಕಣೋ," ಎಂದರು.

ಒಳಕೋಣೆಯಲ್ಲಿ ಅವರ ಮಗಳು ಗಟ್ಟಿಯಾಗಿ ಪಾಠ ಓದುತ್ತಿದ್ದಳು. ನಮ್ಮವರು ಗೋಡೆ ಹಿಡಿದುಕೊಂಡು ನೆಲದ ಮೇಲೆ ಕೂತರು. ನಾನು 'ಇಲ್ಲ' ಎಂದು ಬರೆದುಕೊಟ್ಟ ಪಾಲಿಸಿಗಳ ಪಟ್ಟಿಯಲ್ಲಿ ಇನ್ನೂ ಮೂವತ್ತೊಂಬತ್ತು ಮನೆಗಳಿದ್ದವು.