ಸಾಲಿನ ಕೊನೆಗೆ ನಿಂತ ಚೇರ್ಮನ್

ಕಾನ್ವೆಂಟಿನಲ್ಲಿ ಕಲಿತ ನನಗೆ ಶಾಸ್ತ್ರದ ಗಂಧ ಅಷ್ಟಾಗಿ ಇರಲಿಲ್ಲ. ತೊಂಬತ್ತರ ದಶಕದ ಆರಂಭದಲ್ಲಿ ಸದಲಗಾದ ನಮ್ಮ ಹೆಂಗಸರ ಹಾಲಿನ ಸಂಘಕ್ಕೆ ನನ್ನನ್ನು ಚೇರ್ಮನ್ ಮಾಡಿದ್ದು ಆಫೀಸರುಗಳ ಜೊತೆ ಇಂಗ್ಲಿಷ್ ಮಾತಾಡುತ್ತೇನೆಂದು. ಕಬ್ಬು, ದ್ರಾಕ್ಷಿಯ ದೊಡ್ಡ ಮನೆಯ ಸೊಸೆ ಎಂಬುದು ಇನ್ನೊಂದು ಕಾರಣ. ಆಗ ನಿಪ್ಪಾಣಿಯಲ್ಲಿ ಎರಡು ದಿನದ ಲೀಡರ್‌ಶಿಪ್ ಟ್ರೇನಿಂಗ್ ಆಯಿತು. ಅತಿಥಿ, ಆಳುಕಾಳು, ದನಕರು ಎಲ್ಲ ಉಂಡ ಮೇಲೆಯೇ ಯಜಮಾನ ಉಣ್ಣಬೇಕೆಂದು ನಮ್ಮ ಶಾಸ್ತ್ರ ಹೇಳುತ್ತದೆ, ಮಾಡರ್ನ್ ಮ್ಯಾನೇಜ್‌ಮೆಂಟ್ ಅಂದರೂ ಇಷ್ಟೇ ಎಂದರು ಒಬ್ಬ ರಿಟೈರ್ಡ್ ಪ್ರೊಫೆಸರು. ನಾನು ನೋಟ್ಸ್ ಬರೆದುಕೊಂಡೆ.

ಡೇರಿಯಲ್ಲಿ ಅಲ್ಲಿಯವರೆಗೆ ನಮ್ಮ ಮನೆಯ ಕ್ಯಾನೇ ಮೊದಲು. ಊರಿಗೆ ಬಂದ ಮರುದಿನ ಬೆಳಿಗ್ಗೆ ಸಾಲಿನ ಕೊನೆಗೆ ಹೋಗಿ ನಿಂತೆ. ನನ್ನ ಮುಂದಿದ್ದವಳು ಹಾಲಿನ ಕಿಟ್ಲಿ ಎತ್ತಿಕೊಂಡು ನನ್ನ ಹಿಂದೆ ಬಂದಳು. ಅವಳ ಮುಂದಿನವಳೂ ಬಂದಳು. ನಾನು ಮತ್ತೆ ಹಿಂದಕ್ಕೆ ಹೋದೆ. ದೊಡ್ಡ ಮನೆಯವಳಿಗೆ ಬೆನ್ನು ತಿರುಗಿಸಿ ಹಾಲು ಹಾಕುವುದು ಅವರಿಂದ ಆಗದ ಮಾತು. ಹೀಗೆ ಸರಿಯುತ್ತ ಸರಿಯುತ್ತ ಸಾಲು ಬೇವಿನ ಮರ ದಾಟಿತು. ಹಾಲು ಒಯ್ಯುವ ವ್ಯಾನ್ ಬಂದು ಹಾರ್ನ್ ಹೊಡೆದ ಮೇಲೆಯೇ ಗಡಿಬಿಡಿಯಲ್ಲಿ ಹಾಲು ಹಾಕಿದ್ದು. ಇವರದು ಎಷ್ಟು ವಿನಯ ಎಂದು ನಾನು ಮೆಚ್ಚಿದ್ದು ಬೇರೆ.

ಮೂರು ದಿನ ವ್ಯಾನ್ ಕಾಯಬೇಕಾಯಿತು. ಇನ್ನೊಮ್ಮೆ ತಡವಾದರೆ ಸದಲಗಾದ ಸ್ಟಾಪನ್ನೇ ರೂಟಿನಿಂದ ತೆಗೆಯುತ್ತಾರೆಂದು ಡ್ರೈವರ್ ಹೇಳಿಹೋದ. ಹೆಚ್ಚಿನವರದು ಒಂದೊಂದೇ ಎಮ್ಮೆ. ಆ ವ್ಯಾನ್ ಬಿಟ್ಟರೆ ಅವರ ಹಾಲಿಗೆ ಬೇರೆ ದಾರಿ ಇರಲಿಲ್ಲ. ಬೇಗ ಬನ್ನಿ ಎಂದು ಅವರಿಗೇ ಹೇಳಿಕಳಿಸಿ, ನಾಲ್ಕನೆಯ ದಿನವೂ ನಾನು ಕೊನೆಗೇ ನಿಂತೆ.

ಕುರಿ ಮೇಯಿಸುವ ಮನೆಯ ಮುದುಕಿಯೊಬ್ಬಳು ಕಿಟ್ಲಿ ನೆಲಕ್ಕಿಟ್ಟು ನನ್ನೆದುರು ಬಂದಳು.

"ಅಕ್ಕಾರ, ನೀವ ಹಿಂದ ನಿಂತ್ರ ನಾವ್ ಎಲ್ಲಿ ನಿಲ್ಲೂಣ್ರಿ, ಹೊಳ್ಯಾಗ?"

ಯಾರೋ ಕಿಸಕ್ಕೆಂದರು. ಪ್ರೊಫೆಸರು ಹೇಳಿದ್ದನ್ನೆಲ್ಲ ನಾನು ಅವಳಿಗೆ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡಳು.

"ಖರೇನ ಐತ್ರಿ. ಆದ್ರ ನೀವ್ ಇಲ್ಲಿ ಉಣ್ಣಾಕ ಬಂದಿಲ್ಲ, ನೀಡಾಕ ಬಂದೀರಿ. ಮೊದಲ ನೀಡ್ರಿ."

ಇದು ಸರಿಯೇ ಎಂದು ಪ್ರೊಫೆಸರನ್ನು ಕೇಳಬೇಕು ಅನಿಸಿತು. ಕೇಳುವಷ್ಟು ಟೈಮ್ ಇರಲಿಲ್ಲ; ವ್ಯಾನ್ ಆಗಲೇ ತಿರುವಿನಲ್ಲಿತ್ತು. ನಾನು ಡೇರಿಯ ಬಾಗಿಲಿಗೆ ಹೋಗಿ ಹಾಲು ಸುರಿದೆ. ಬೆನ್ನಿಗೇ ಹೆಂಗಸರು ಒಬ್ಬರನ್ನೊಬ್ಬರು ನೂಕುತ್ತ, ಬೈಯುತ್ತ ಬಂದರು. ಕಡೆಯ ಕ್ಯಾನಿನ ಮುಚ್ಚಳ ಒತ್ತುವ ತನಕ ಆ ಮುದುಕಿ ವ್ಯಾನಿಗೆ ಅಡ್ಡ ನಿಂತಿದ್ದಳು. ಸ್ಟಾಪ್ ಉಳಿಯಿತು.