ಕಂಬಳಿಯ ಕೆಳಗೆ ತಾಗಿದ ಕೈ

ಇದನ್ನು ಬರೆಯಲು ಕೂತು ಎಷ್ಟೋ ಸಲ ಬೇರೆ ಏನನ್ನೋ ಬರೆದು ಎದ್ದಿದ್ದೇನೆ. ಇನ್ನೂ ಮುಂದೂಡಿದರೆ ಹೇಳದೆಯೇ ಹೋಗುತ್ತೇನೆ.

ಎಪ್ಪತ್ತರ ದಶಕದಲ್ಲಿ ನಾನು ಕಂಬಳಿ ನೇಕಾರರ ಸಂಘವೊಂದರ ಕಾರ್ಯದರ್ಶಿಯಾಗಿದ್ದೆ. ಮ್ಯಾಟ್ರಿಕ್ ಪಾಸಾಗಿದ್ದೇನೆಂದು ಕೊಟ್ಟ ಕೆಲಸ. ಒಂದು ಬೇಸಿಗೆ ಸಂಶಿಯಲ್ಲಿ ಗ್ರಾಮೋದ್ಯೋಗದ ಪ್ರದರ್ಶನವಿಟ್ಟು ಒಳ್ಳೆಯ ಕಂಬಳಿಗೆ ಬಹುಮಾನ ಸಾರಿದರು. ಗೆದ್ದ ಮಗ್ಗಕ್ಕೆ ಹಾಸ್ಟೆಲ್ ಹುಡುಗರ ಕಂಬಳಿ ನೇಯುವ ಕೆಲಸ ಸಿಗುತ್ತಿತ್ತು. ಬಮ್ಮಿಗಟ್ಟಿಯಲ್ಲಿ ನನ್ನ ಅಕ್ಕ ನೂಲುತ್ತಿದ್ದಳು, ಅವಳ ಗಂಡ ನೇಯುತ್ತಿದ್ದ. ಈ ಕೆಲಸ ಸಿಗದಿದ್ದರೆ ಮಗ್ಗ ಬಿಚ್ಚುವುದೇ ಎಂದು ಇಬ್ಬರೂ ನನ್ನ ಎದುರಿಗೇ ಅಂದಿದ್ದರು.

ತೀರ್ಪುಗಾರರು ಮೂವರು, ಅವರಲ್ಲಿ ನಾನೂ ಒಬ್ಬ. ಪಕ್ಷಪಾತ ಆಗಬಾರದೆಂದು ಕಂಬಳಿಗಳಿಗೆ ಹೆಸರಿಲ್ಲ, ನಂಬರಿನ ಚೀಟಿ ಮಾತ್ರ. ನಾಲ್ವರು ನಾಲ್ಕು ಮೂಲೆ ಹಿಡಿದಾಗ ನಡುವೆ ಒಂದು ಕೊಡ ನೀರು ಸುರಿಯುತ್ತಿದ್ದರು; ಸೋರಿದ ಕಂಬಳಿ ಸ್ಪರ್ಧೆಯಿಂದ ಹೊರಗೆ. ಬಗ್ಗಿ ಕೆಳಗಿನಿಂದ ನೋಡಿ ಸೋರಿತೋ ಇಲ್ಲವೋ ಹೇಳುವುದು ನನ್ನ ಪಾಲಿಗೆ ಬಂದಿತ್ತು.

ನೆರೆದವರಲ್ಲಿ ಒಬ್ಬ ಕೂಗಿದ: "ಸೆಕ್ರೆಟ್ರಿಯವರ, ನಿಮ್ಮ ಅಕ್ಕನ ಮನಿ ಕಂಬಳಿ ಯಾವ ನಂಬರ್ ಅದರಿ? ಹೇಳಿಬಿಡ್ರಿ, ನಾವು ಸುಮ್ನ ಬಸ್ ಹಿಡಿತೀವಿ."

ಎಲ್ಲರೂ ನಕ್ಕರು. ಧಾರವಾಡದಿಂದ ಬಂದ ಅಧಿಕಾರಿ ನನ್ನ ಮುಖ ನೋಡಿದರು.

ಮುಂದಿನ ಕಂಬಳಿ ಬಿಚ್ಚಿದಾಗಲೇ ನನಗೆ ಗೊತ್ತಾಯಿತು. ಅಂಚಿನಲ್ಲಿ ಎರಡು ಬಿಳಿ ಗೆರೆ. ಅಕ್ಕನ ಗಂಡ ಹಾಗೆಯೇ ಅಂಚು ಹಾಕುತ್ತಿದ್ದ. ಸುರಿದ ನೀರು ಹಾಗೇ ನಿಂತಿತು. ಒದ್ದೆ ಕಂಬಳಿಗೆ ಒಳಗಿನಿಂದ ಕೈ ತಾಗಿದರೆ ಅಲ್ಲಿಂದ ನೀರು ಇಳಿಯುತ್ತದೆ. ಮಳೆಯಲ್ಲಿ ಕುರಿ ಕಾಯ್ದ ನಮ್ಮ ಮಂದಿಗೆಲ್ಲ ಇದು ಗೊತ್ತು. ನಾನು ಬಗ್ಗಿ, ಯಾರಿಗೂ ಕಾಣದಂತೆ ಬೆರಳಿನ ಗಿಣ್ಣು ಒತ್ತಿದೆ. ಹನಿ ಬಿತ್ತು.

"ಸೋರ್ತೈತ್ರಿ" ಎಂದೆ.

ಹೆಸರು ಬಯಲಾದಾಗ ಮಂದಿ ನನ್ನನ್ನು ಹೊಗಳಿದರು. ಸ್ವಂತ ಅಕ್ಕನನ್ನೂ ಬಿಡಲಿಲ್ಲ ಎಂದರು. ಆ ಮಾತು ನನಗೆ ಬಹಳ ದಿನ ಸಿಹಿಯಾಗಿತ್ತು.

ಬಸ್ಸಿಗೆ ನಿಂತಾಗ ಅಕ್ಕನ ಗಂಡ ಅವಳಿಗೆ, "ನಿನ್ನ ನೂಲ ಸಡ್ಲ ಆಗೇತಿ. ನನ್ನ ನೇಯ್ಗಿ ಸೋರೂದಿಲ್ಲ" ಎಂದ.

ಅಕ್ಕ ನನ್ನ ಕಡೆ ತಿರುಗಿದಳು. "ಹೌದೇನೋ ತಮ್ಮಾ? ಸೋರಿದ್ದು ನೀ ಕಣ್ಣಾರೆ ನೋಡಿದೇನು?"

"ನೋಡೀನಿ ಬೇ ಅಕ್ಕಾ."

ಅವಳು ಮತ್ತೆ ಕೇಳಲಿಲ್ಲ. ಮಳೆಗಾಲಕ್ಕೆ ಮುಂಚೆ ಮಗ್ಗ ಬಿಚ್ಚಿದರು. ಗಂಡ ಅಣ್ಣಿಗೇರಿಗೆ ಹತ್ತಿ ತುಂಬಿದ ಅಂಡಿಗೆ ಚೀಲ ಹೊರಲು ಹೋದ. ಮನೆಯಲ್ಲಿ ಜಗಳವಾದಾಗಲೆಲ್ಲ ಅವಳ ನೂಲಿನ ಮಾತು ಬರುತ್ತಿತ್ತು. ಅವಳು ರಾಟಿ ಮುಟ್ಟಲಿಲ್ಲ. ಯಾರಾದರೂ ನೂಲಲು ಕರೆದರೆ, "ನನ್ನ ಕೈ ಕೆಟ್ಟೈತ್ರಿ" ಎನ್ನುತ್ತಿದ್ದಳು. ಪಕ್ಕದಲ್ಲೇ ಕೂತು ಅದನ್ನು ಕೇಳಿಸಿಕೊಂಡಿದ್ದೇನೆ.

ಅವಳು ತೀರಿಕೊಂಡ ಮೇಲೆ ಅವಳ ಗಂಡನಿಗೆ ಅಳುತ್ತ ಎಲ್ಲವನ್ನೂ ಹೇಳಿದೆ. ಅವನು ಅಂದ:

"ನನ್ನ ಮುಂದ ಅತ್ತರ ಏನಾತೋ? ನಾನೂ ಅಕೀಗಿ ನಿನ್ನ ನೂಲ ಸಡ್ಲ ಅಂತ ಅಂದಾಂವನ ಅದೀನಿ."

ಅವನ ಕಾಲು ಹಿಡಿದೆ, ತಪ್ಪಾಯಿತೆಂದೆ. ಆ ಮಾತನ್ನು ಕೇಳಬೇಕಾಗಿದ್ದವಳು ನನ್ನ ಅಕ್ಕ.