ಎಲಿಹಿಯೊ ಒಯೋಲಾ ಹಾಕಿದ ದಾರಿ

ದೊನ್ ಎಲಿಹಿಯೊ ಒಯೋಲಾ ಅವರು ಜೀವಮಾನದಲ್ಲಿ ಒಂದು ಸ್ಪರ್ಧೆಯಲ್ಲೂ ಗುಂಡು ಹಾರಿಸಿದವರಲ್ಲ. ಐವತ್ತು ವರ್ಷ ತಂತಿಬೇಲಿ ಹಾಕಿದ ಕೈ ಅವರದು. ಆದರೂ ಕೊರ್ದೊಬಾದ ಈ ಗುಡ್ಡಗಳ ನಡುವಿನ ನಮ್ಮ ಶೂಟಿಂಗ್ ಕ್ಲಬ್ಬಿನಲ್ಲಿ ಅವರ ಮಾತು ಮೀರಿ ಒಂದು ಗೂಟವನ್ನೂ ಯಾರೂ ಊರುವುದಿಲ್ಲ.

ಹದಿನಾಲ್ಕು ವರ್ಷದ ಕೆಳಗೆ ಕ್ಲಬ್ಬಿನವರು ಅವರನ್ನು ಕರೆದದ್ದು ಬೇಲಿ ರಿಪೇರಿಗೆ. ಮೂರನೆಯ ದಿನ ಹಾರೆ ಕೆಳಗಿಟ್ಟು ಅಂದರಂತೆ, "ನಿಮ್ಮ ಬೇಲಿ ಸರಿಯಾಯ್ತು. ಗುಂಡು ಹೋಗೋ ದಾರಿ ಮಾತ್ರ ಸರಿಯಿಲ್ಲ. ಗುಂಡಿಗೂ ಹಸುವಿಗೂ ವ್ಯತ್ಯಾಸ ಏನಿಲ್ಲ ಕಣ್ರೋ, ಎರಡೂ ಎಲ್ಲಿ ತೆರೆದಿದೆಯೋ ಅಲ್ಲಿಗೇ ನುಗ್ತಾವೆ."

ಅಂದಿನಿಂದ ಒಣಗಿದ ಹಳ್ಳದ ಪಾತ್ರದುದ್ದಕ್ಕೂ ಶೂಟರುಗಳು ನಡೆಯುತ್ತ, ಓಡುತ್ತ, ಬಗ್ಗುತ್ತ ಗುರಿಹಲಗೆಗಳಿಗೆ ಹೊಡೆಯುವ ಕಾಲುದಾರಿಯನ್ನು ಹಾಕುವವರು ಅವರೇ. ಹಳ್ಳದ ಆಚೆ ದಡ ಎರಡಾಳೆತ್ತರದ ಮಣ್ಣಿನ ಗೋಡೆ. ಗುಂಡುಗಳೆಲ್ಲ ಅದರ ಹೊಟ್ಟೆಗೇ ಸೇರಬೇಕು. ಆ ಗೋಡೆಯಲ್ಲಿ ಮುಷ್ಟಿಗಾತ್ರದ ಕಲ್ಲು ಕಂಡರೂ ಕಿತ್ತು ತೆಗೆಯುತ್ತಾರೆ. ಗುಂಡು ಕಲ್ಲಿಗೆ ಬಡಿದರೆ ಎತ್ತ ಹಾರೀತು ಎಂದು ದೇವರಿಗೂ ಗೊತ್ತಿಲ್ಲ ಅನ್ನುತ್ತಾರೆ. ಉಕ್ಕಿನ ತಟ್ಟೆಗಳನ್ನು ನೆಲ ನೋಡುವಂತೆ ಬಗ್ಗಿಸಿ ನಿಲ್ಲಿಸುತ್ತಾರೆ, ಚೂರು ಹಾರಿದರೂ ಕೆಳಕ್ಕೇ ಬೀಳಲಿ ಎಂದು. ಬೆಳಗಿನ ಇಬ್ಬನಿಯಲ್ಲಿ ಯಾವ ಬಂಡೆ ಜಾರುತ್ತದೆ, ಐದು ಗಂಟೆಯ ಬಿಸಿಲು ಯಾವ ತಿರುವಿನಲ್ಲಿ ಕಣ್ಣಿಗೆ ಹೊಡೆಯುತ್ತದೆ, ಪಕ್ಕದವರ ಮೇಕೆಗಳು ಎಷ್ಟು ಹೊತ್ತಿಗೆ ನೀರಿಗೆ ಇಳಿಯುತ್ತವೆ, ಎಲ್ಲ ಅವರಿಗೆ ಬಾಯಿಪಾಠ.

ಆದರೆ ಅವರ ನಿಜವಾದ ಪರೀಕ್ಷೆ ಇನ್ನೊಂದಿತ್ತು. ದಾರಿ ಸಿದ್ಧವಾದ ಮೇಲೆ ಕ್ಲಬ್ಬಿನವರ ಕೈಗೆ ಪಿಸ್ತೂಲಿನ ಬದಲು ಮಾಟೆ ಕೊಟ್ಟು ನಡೆಸುತ್ತಾರೆ. ಮಾಟೆ ಎಲೆಯ ಬಿಸಿ ಕಷಾಯವನ್ನು ನಾವು ದಿನವಿಡೀ ಹಂಚಿಕೊಂಡು ಕುಡಿಯುವ ಅದೇ ಸೋರೆಬುರುಡೆ, ಖಾಲಿ, ಒಳಗೆ ಲೋಹದ ಹೀರುಗೊಳವೆ ಮಾತ್ರ. ಬುರುಡೆಯನ್ನು ಮುಂದಕ್ಕೆ ಓರೆ ಮಾಡಿ ಹಿಡಿಯಬೇಕು. ಕೊಳವೆಯ ತುದಿಯೇ ಪಿಸ್ತೂಲಿನ ಬಾಯಿ. ಮಣ್ಣಿನ ಗೋಡೆಗೆ ಎದುರಾಗಿ ಎರಡೂ ತೋಳು ಅಗಲಿಸಿ ನಿಂತರೆ ಒಂದು ಗೆರೆಯಾಗುತ್ತದಲ್ಲ, ತುದಿ ಆ ಗೆರೆ ದಾಟಿ ಹಿಂದಕ್ಕೆ ತಿರುಗಬಾರದು. ಸ್ಪರ್ಧೆಯಲ್ಲಿ ತಿರುಗಿದರೆ ಆ ಕ್ಷಣವೇ ಮನೆಗೆ. ಗುಂಡು ತುಂಬಿದ ಮ್ಯಾಗಜೀನ್ ಬದಲಿಸುವ ಜಾಗ ಬಂದಾಗ ಇನ್ನೊಂದು ಕೈಯಿಂದ ಬುರುಡೆಯ ಬುಡ ತಟ್ಟಬೇಕು.

"ಮರದ ಪಿಸ್ತೂಲು ಕೊಟ್ರೆ ಆಗಲ್ವಾ ದೊನ್ ಎಲಿಹಿಯೊ?" ಎಂದು ಮದುವೆಯಾದ ಹೊಸತರಲ್ಲಿ ನಾನು ಕೇಳಿದ್ದೆ.

"ಪಿಸ್ತೂಲು ಅಂದ್ರೆ ಎಲ್ರೂ ಹುಷಾರಾಗ್ತಾರೆ, ಮಗಳೇ. ಮಾಟೆ ಕೊಡು, ಅವರವರ ಬುದ್ಧಿ ಆಚೆ ಬರತ್ತೆ."

ಹನ್ನೊಂದು ವರ್ಷದಿಂದ ಪ್ರಾಂತ್ಯದ ಸ್ಪರ್ಧೆಯನ್ನು ಇಲ್ಲಿ ನಡೆಸಿ ಎಂದು ಕ್ಲಬ್ಬು ಪ್ರಾಂತ್ಯದ ಶೂಟಿಂಗ್ ಸಂಘದವರನ್ನು ಕೇಳುತ್ತಲೇ ಇತ್ತು. ಗುಡ್ಡದ ದಾರಿ ಅಪಾಯ, ನಗರದ ಚಪ್ಪಟೆ ಮೈದಾನವೇ ಸಾಕು ಎಂಬುದು ಪ್ರತಿ ಸಲದ ಉತ್ತರ. ಈ ವರ್ಷ ಮೊದಲ ಸಲ, ಪರೀಕ್ಷಕಿ ಬಂದು ನೋಡುತ್ತಾರೆ, ಸಹಿ ಹಾಕಿದರೆ ನಿಮಗೇ ಎಂದರು. ಶನಿವಾರ ಸಂಜೆ ನಾಲ್ಕಕ್ಕೆ. ದೊನ್ ಎಲಿಹಿಯೊ ಒಂದು ವಾರ ಕ್ಷೌರ ಮಾಡಿಕೊಳ್ಳಲಿಲ್ಲ, ಶುಕ್ರವಾರ ಎರಡು ಸಲ ಮಾಡಿಕೊಂಡರು.

ಶನಿವಾರ ಬೆಳಿಗ್ಗೆ ಕೊನೆಯ ನಡಿಗೆ. ನನ್ನ ಗಂಡ ನೆಸ್ತೋರ್ ಕ್ಲಬ್ಬಿನ ಕಾರ್ಯದರ್ಶಿ, ಹಾಗಾಗಿ ನಾನೂ ಮಗಳು ಕಾತಾಳನ್ನು ಎತ್ತಿಕೊಂಡು ಹೋಗಿದ್ದೆ. ಅವಳಿಗೆ ಒಂಬತ್ತು ತಿಂಗಳು, ಮೇಲಿನ ಹಲ್ಲು ಬರುತ್ತಿತ್ತು. ಕಾಯುವವರ ಬೆಂಚಿನ ಬಳಿ ದೊನ್ ಎಲಿಹಿಯೊ ಅವರ ಹೆಂಡತಿ ದೋಞಾ ಎಲ್ಬಾ ಎಣ್ಣೆರೊಟ್ಟಿಗೆ ಹಿಟ್ಟು ನಾದುತ್ತಿದ್ದರು. ಒಬ್ಬೊಬ್ಬರಾಗಿ ಎಲ್ಲರೂ ನಡೆದರು. ಎಡಗೈಯವನಾದ ನೆಸ್ತೋರ್ ಕೂಡ. ಎಲ್ಲ ಸರಿಯಾಗಿತ್ತು.

"ಅಯೆಲೆನ್ ಒಬ್ಳು ಬಾಕಿ," ಅಂದರು ದೊನ್ ಎಲಿಹಿಯೊ, ನನ್ನತ್ತ ತಿರುಗಿ.

"ಮಗು ಕಂಕುಳಲ್ಲಿದೆ, ದೊನ್."

"ಒಳ್ಳೇದೇ ಆಯ್ತು. ನಿನಗಿಂತ ಗಮನ ತಪ್ಪಿರೋರು ಇಲ್ಲಿ ಯಾರೂ ಇಲ್ಲ. ನಡಿ."

ಕಾತಾ ನನ್ನ ಬಲಸೊಂಟದ ಮೇಲಿದ್ದಳು, ನನ್ನ ಬಲಗೈ ಹೆಬ್ಬೆರಳು ಅವಳ ವಸಡಿನಡಿ ಸಿಕ್ಕಿಕೊಂಡಿತ್ತು. ಬಿಡಿಸಿದರೆ ಗುಡ್ಡವೇ ಕೇಳುವಂತೆ ಕಿರುಚುತ್ತಾಳೆ. ಮಾಟೆಯನ್ನು ಎಡಗೈಯಲ್ಲಿ ಹಿಡಿದು ಹೊರಟೆ. ನಿಂತು ಹೊಡೆಯುವ ಮೂರನೆಯ ಜಾಗದಿಂದ ನಾಲ್ಕನೆಯದಕ್ಕೆ ಗೋಡೆಗೆ ಸಮಾನಾಂತರವಾಗಿ ಬಲಕ್ಕೆ ಹನ್ನೆರಡು ಹೆಜ್ಜೆ. ಮ್ಯಾಗಜೀನ್ ಬದಲಿಸುವುದು ಅಲ್ಲಿಯೇ. ಬುರುಡೆಯನ್ನು ಎದೆಯ ಹತ್ತಿರ ತಂದು, ಮಗುವಿನ ಗಲ್ಲದ ಕೆಳಗಿನಿಂದ ಎರಡು ಬೆರಳು ಚಾಚಿ ಬುಡ ತಟ್ಟುತ್ತ ನಡೆದೆ.

"ನಿಲ್ಲು!"

ಕಾತಾ ಕೂಡ ಕಚ್ಚುವುದು ಬಿಟ್ಟು ನೋಡಿದಳು. ದೊನ್ ಎಲಿಹಿಯೊ ನನ್ನ ಕೈಯತ್ತ ನೋಡುತ್ತಿದ್ದರು. ಕೊಳವೆಯ ತುದಿ ಗೋಡೆಯನ್ನು ಬಿಟ್ಟು, ಗೆರೆಯನ್ನೂ ದಾಟಿ, ನೇರ ಬೆಂಚಿನ ಕಡೆ ತಿರುಗಿತ್ತು.

"ಎಲ್ಬಾ," ಅಂದರು ಅವರು, "ನೀನು ಸತ್ತೆ."

"ನಾನು ಸತ್ರೆ ಈ ಹಿಟ್ಟು ಯಾರು ನಾದ್ತಾರೆ? ನಿಮ್ಮಪ್ಪನಾ?"

ಯಾರೂ ನಗಲಿಲ್ಲ. ದೊನ್ ಎಲಿಹಿಯೊ ಮಾಟೆ ಇಸಕೊಂಡು ತಾವೇ ಎಡಗೈಯಲ್ಲಿ ಹಿಡಿದು ನಡೆದರು. ಮತ್ತೆ ಹಿಂದಕ್ಕೆ ತಿರುಗಿತು. ನೆಸ್ತೋರನನ್ನು ಕರೆದರು.

"ನೀನು ಹುಟ್ಟಾ ಎಡಚ. ಆಗಲೇ ಬಲಗೈಯಲ್ಲಿ ಯಾಕೋ ಹಿಡಿದೆ?"

ನೆಸ್ತೋರ್ ತಲೆ ಕೆರೆದುಕೊಂಡ. "ಮಾಟೆ ಅಲ್ವಾ, ದೊನ್... ಎಡಗೈಯಲ್ಲಿ ಹಿಡಿದ್ರೆ ಅಜ್ಜಿ ಹೊಡೀತಿದ್ಲು."

ಅದೇ ಆಗಿದ್ದು. ನಮ್ಮಲ್ಲಿ ಎಡಗೈಯಲ್ಲಿ ಮಾಟೆ ಕೊಡಬೇಕಾಗಿ ಬಂದರೆ "ಎಡಗೈ ಆದ್ರೇನು, ಹೃದಯದ ಕಡೇದು" ಎಂದು ಹೇಳಿಯೇ ಕೊಡಬೇಕು. ಹಾಗಾಗಿ ಕ್ಲಬ್ಬಿನ ಮೂವರು ಎಡಚರೂ ಈ ಪರೀಕ್ಷೆಯಲ್ಲಿ ಇಷ್ಟು ವರ್ಷ ಬಲಚರಾಗಿಯೇ ನಡೆದಿದ್ದರು. ಮ್ಯಾಗಜೀನ್ ಬದಲಿಸುತ್ತ ಎಡಕ್ಕೆ ಓಡುವಾಗ ಬಲಗೈಯವರ ಪಿಸ್ತೂಲು ಹಿಂದಕ್ಕೆ ಹೊರಳುತ್ತದೆ ಎಂದು ದೊನ್ ಎಲಿಹಿಯೊಗೆ ಗೊತ್ತಿತ್ತು. ಅದಕ್ಕೇ ಈ ಹೊಸ ದಾರಿಯ ಓಟವನ್ನು ಬಲಕ್ಕೆ ಇಟ್ಟಿದ್ದರು. ಎಡಗೈಯವರಿಗೆ ಅದೇ ಬಲೆಯಾಗಿತ್ತು.

ಗಂಟೆ ಹತ್ತೂವರೆ.

"ಪರೀಕ್ಷಕಿಗೆ ಎಲ್ಲಿ ಗೊತ್ತಾಗತ್ತೆ," ಎಂದು ಹಿಂದಿನಿಂದ ಯಾರೋ ಗೊಣಗಿದರು.

"ಗುಂಡಿಗೆ ಗೊತ್ತಾಗತ್ತೆ," ಅಂದರು ದೊನ್ ಎಲಿಹಿಯೊ. ನಾಲ್ಕನೆಯ ಜಾಗಕ್ಕೆ ಹೋಗಿ, ಮೋಯೆ ಮರದ ಕೊಂಬೆಗಳ ನಡುವೆ ತಾವೇ ಹಲಗೆ ಬಡಿದು ಮಾಡಿದ್ದ ಕಿಟಕಿಯ ಮುಂದೆ ನಿಂತರು. ಬಗ್ಗಿ ಅದರೊಳಗಿಂದ ಹೊಡೆಯಬೇಕಿತ್ತು. ಇಡೀ ದಾರಿಯಲ್ಲಿ ಅವರಿಗೆ ಅಚ್ಚುಮೆಚ್ಚಿನದು ಅದೇ, ಒಂದು ತಿಂಗಳ ಕೆಲಸ. ಇಕ್ಕಳ ತೆಗೆದು ಮೊದಲ ಮೊಳೆ ಕಿತ್ತರು.

"ಬಲಕ್ಕೂ ಬೇಡ, ಎಡಕ್ಕೂ ಬೇಡ. ಮೂರರಿಂದ ನೇರ ಗೋಡೆ ಕಡೆಗೇ ಹೋಗ್ಲಿ. ಮುಂದಕ್ಕೆ ನಡೆಯೋನ ಪಿಸ್ತೂಲು ಯಾವ ಕೈಲಿದ್ರೂ ಮುಂದಕ್ಕೇ ನೋಡತ್ತೆ. ಲೇ ಸಣಕಲ, ಮಚ್ಚು ತಾ. ನೆಸ್ತೋರ್, ಗುದ್ದಲಿ. ಅಯೆಲೆನ್, ನೀನು ಕೂಸಿಗೆ ಹಾಲು ಕೊಡು, ಇವತ್ತಿನ ಕೂಲಿ ಅವಳದ್ದೇ ಜಾಸ್ತಿ."

ಆಮೇಲಿನ ಐದು ಗಂಟೆ ನೆನೆದರೆ ಈಗಲೂ ನಗು ಬರುತ್ತದೆ. ಮುಳ್ಳುಪೊದೆ ಕಡಿಯುವವರು ಕೆಲವರು, ಇನ್ನು ಗುಂಡು ಬೀಳಲಿರುವ ಗೋಡೆಭಾಗದಿಂದ ಕಲ್ಲು ಕೀಳುವವರು ಕೆಲವರು. ಕಲ್ಲುಗಳನ್ನು ಕೈಯಿಂದ ಕೈಗೆ ದಾಟಿಸಿ, ಹಳೆಯ ತಿರುವಿಗೆ ಅಡ್ಡವಾಗಿ, ಗುಂಡಿನ ದಾರಿಯಿಂದ ಹೊರಗೆ, ಎದೆಯೆತ್ತರದ ಗೋಡೆ ಕಟ್ಟಿದರು, ಮರೆತೂ ಯಾರೂ ಆ ಕಡೆ ಓಡಬಾರದೆಂದು. ನಗರದಿಂದ ಬಂದಿದ್ದ ವಕೀಲರೊಬ್ಬರು ಬಿಳಿ ಪ್ಯಾಂಟಿನಲ್ಲೇ ಕಲ್ಲು ಹೊತ್ತರು. ದೋಞಾ ಎಲ್ಬಾ ಬಿಸಿ ರೊಟ್ಟಿಗಳನ್ನು ಕೆಲಸಗಾರರ ಬಾಯಿಗೇ ಇಡುತ್ತ ಬಂದರು, "ಕೈ ನಿಲ್ಲಿಸಬೇಡಿ, ಬಾಯಿ ಮಾತ್ರ ತೆಗೀರಿ" ಎಂದು. ಗಂಡನ ಬಾಯಿಗೆ ಇಡುವಾಗ ಮಾತ್ರ, "ಸತ್ತವಳ ಕೈ ರುಚಿ ಹೇಗಿದೆ?" ಎಂದು ಕೇಳಿದರು.

ನಾಲ್ಕಕ್ಕೆ ಸರಿಯಾಗಿ ಪರೀಕ್ಷಕಿ ಮಿರ್ತಾ ಸಲಸಾರ್ ಬಂದರು. ಗಿಡ್ಡನೆಯ ಹೆಂಗಸು, ಕೈಯಲ್ಲಿ ಅಳತೆಪಟ್ಟಿ, ಮುಖದಲ್ಲಿ ಯಾವ ಸುದ್ದಿಯೂ ಇಲ್ಲ. ತಟ್ಟೆಗಳ ದೂರ ಅಳೆದರು, ಗೋಡೆಗೆ ಕೈಯಾಡಿಸಿದರು, ಬೆಂಚಿನಲ್ಲಿ ಕೂತು ನೋಡಿದರು. ಮೂರನೆಯ ಜಾಗದಲ್ಲಿ ನಿಂತು ಕೇಳಿದರು: "ಈ ಗೋಡೆ ಕಲ್ಲು ಇನ್ನೂ ಹಸಿ ಮಣ್ಣಲ್ಲಿದೆ. ಯಾವಾಗ ಕಟ್ಟಿದ್ದು?"

ನೆಸ್ತೋರ್ ಏನೋ ಹೇಳಲು ಬಾಯಿ ತೆರೆದ. ದೊನ್ ಎಲಿಹಿಯೊ ಟೋಪಿ ತೆಗೆದರು.

"ಈಗ ಒಂದು ಗಂಟೆ ಮುಂಚೆ, ಅಮ್ಮಾ. ಬೆಳಿಗ್ಗೆವರೆಗೂ ದಾರಿ ಈ ಕಡೆ ಇತ್ತು. ನಾನು ತಪ್ಪು ಮಾಡಿದ್ದೆ." ಮಾಟೆ, ಎಡಗೈ, ಅಜ್ಜಿ, ಮಗುವಿನ ಹಲ್ಲು, ಸತ್ತ ಹೆಂಡತಿ, ಒಂದನ್ನೂ ಬಿಡದೆ ಹೇಳಿದರು. ಹನ್ನೊಂದು ವರ್ಷದ ಆಸೆಯನ್ನು ಈ ಮುದುಕ ಒಂದು ಉಸಿರಿನಲ್ಲಿ ಚೆಲ್ಲಿಬಿಟ್ಟರಲ್ಲ ಎನಿಸಿತು.

ಪರೀಕ್ಷಕಿ ಅಳತೆಪಟ್ಟಿ ಸುತ್ತಿ ಜೇಬಿಗಿಟ್ಟರು. ದಾರಿಯನ್ನು ಮೊದಲಿನಿಂದ ಕೊನೆಯವರೆಗೆ ಬರಿಗೈಯಲ್ಲಿ ಬಲಚಳಾಗಿ ಒಮ್ಮೆ, ಎಡಚಳಾಗಿ ಒಮ್ಮೆ ನಡೆದರು. ಬೇಕಂತಲೇ ಎಡವಿ ನೋಡಿದರು. ಹಿಂದಕ್ಕೆ ಬಂದು ಕಾಗದ ಬಿಡಿಸಿ ಬಂಡೆಯ ಮೇಲಿಟ್ಟರು.

"ಹದಿನೆಂಟು ವರ್ಷದಿಂದ ದಾರಿಗಳನ್ನ ನೋಡ್ತಾ ಇದೀನಿ. ಎಲ್ರೂ ನಮ್ಮಲ್ಲಿ ತಪ್ಪೇ ಇಲ್ಲ ಅಂತಾರೆ. ಅಂಥ ಕಡೆ ನನಗೆ ಭಯ." ಸಹಿ ಹಾಕಿದರು. ಎರಡನೆಯ ಹಾಳೆ ತೆಗೆದರು. "ಸ್ಪರ್ಧೆಗೆ ನಿಮ್ಮಿಂದ ಇದೊಂದು ದಾರಿ ಸಾಕು ಅಂತ ಬಂದಿದ್ದೆ. ಎರಡು ಮಾಡಿ. ಹದಿನೈದು ದಿನ ಟೈಮ್ ಇದೆ."

ಕೂಗಾಟ, ಅಪ್ಪುಗೆ, ವಕೀಲರ ಬಿಳಿ ಪ್ಯಾಂಟಿನ ಕುಣಿತ. ಕಾತಾ ಬೆದರಿ ಅತ್ತಳು, ಆಮೇಲೆ ಎಲ್ಲರ ಜೊತೆ ನಕ್ಕಳು. ದೋಞಾ ಎಲ್ಬಾ ಗಂಡನನ್ನು ಹುಡುಕಿದರೆ ಅವರು ಅಲ್ಲಿರಲಿಲ್ಲ.

"ಎಲಿಹಿಯೊ! ಎಲ್ಲಿ ಹೋದ್ರಿ?"

ಮೇಲಿನ ಮೇಕೆದಾರಿಯಿಂದ ಉತ್ತರ ಬಂತು. ಟೋಪಿ ಹಿಂದಕ್ಕೆ ಸರಿಸಿ, ಒಂದು ಕೈಯನ್ನು ಮುಂದೆ ಚಾಚಿಕೊಂಡು, ಹೆಜ್ಜೆ ಎಣಿಸುತ್ತ ನಡೆಯುತ್ತಿದ್ದರು. ಎಡಗೈ.

"ಸುಮ್ನಿರೇ, ಲೆಕ್ಕ ತಪ್ಪತ್ತೆ!"